ಗಡಿಯಾಚೆಗಿನ ಕನೂ ಪ್ರವಾಸ: ಬೌಂಡರಿ ವಾಟರ್ಸ್, ಕ್ವೆಟಿಕೊ, ಯೂಕಾನ್ – ಯಾರಿಗೆ ಯಾವುದು?

ಅಮೆರಿಕದ ಮಿನೆಸೋಟಾ ರಾಜ್ಯವನ್ನೂ ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನೂ ಬೇರ್ಪಡಿಸುವ ಗಡಿ ಸುಪೀರಿಯರ್ ಸರೋವರದಿಂದ ಪಶ್ಚಿಮಕ್ಕೆ ಲೇಕ್ ಆಫ್ ದಿ ವುಡ್ಸ್‌ವರೆಗೆ ಬಹುಪಾಲು ನೀರಿನ ಮೇಲೆಯೇ ಹಾದುಹೋಗುತ್ತದೆ. ಅಲ್ಲಿ ಬೇಲಿಯಿಲ್ಲ, ಕಾವಲುಗೋಪುರವಿಲ್ಲ. ಸ್ಯಾಗನಾಗಾ ಸರೋವರದ ನಡುವೆ ಹುಟ್ಟು ಹಾಕುತ್ತಿರುವವರಿಗೆ ತಾವು ಯಾವ ದೇಶದ ನೀರಿನಲ್ಲಿದ್ದೇವೆ ಎಂಬುದು ನಕ್ಷೆ ಬಿಡಿಸಿ ನೋಡಿದಾಗಷ್ಟೇ ತಿಳಿಯುತ್ತದೆ. ಗಡಿಯ ದಕ್ಷಿಣಕ್ಕೆ ಸುಮಾರು 4,400 ಚದರ ಕಿಲೋಮೀಟರ್ ವಿಸ್ತಾರದ ಬೌಂಡರಿ ವಾಟರ್ಸ್ ವನ್ಯಪ್ರದೇಶವಿದೆ. ಉತ್ತರಕ್ಕೆ ಅದಕ್ಕಿಂತ ತುಸು ದೊಡ್ಡದಾದ ಕ್ವೆಟಿಕೊ ಪ್ರಾಂತೀಯ ಉದ್ಯಾನವಿದೆ. ಎರಡರಲ್ಲಿಯೂ ಒಂದು ಸರೋವರದಿಂದ ಮತ್ತೊಂದಕ್ಕೆ ಹೋಗಬೇಕಾದರೆ ಕನೂ ಎಂಬ ಹಗುರ ದೋಣಿಯನ್ನೂ ಸಾಮಾನನ್ನೂ ಹೆಗಲಿಗೇರಿಸಿಕೊಂಡು ಪೋರ್ಟೇಜ್ ಎಂಬ ಕಾಲುಹಾದಿಯಲ್ಲಿ ನಡೆಯಬೇಕು.

ಮಿನಿಯಾಪೊಲಿಸ್, ಶಿಕಾಗೊ, ಟೊರಾಂಟೊಗಳಲ್ಲಿ ನೆಲೆಸಿರುವ ಕನ್ನಡಿಗರು ಇಂಥ ಪ್ರವಾಸವನ್ನು ಯೋಚಿಸುವಾಗ ಅವರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿರುತ್ತವೆ: ಬೌಂಡರಿ ವಾಟರ್ಸ್‌ನಲ್ಲಿಯೇ ಉಳಿದು ಗಡಿಯನ್ನು ಸವರಿಕೊಂಡು ಸಾಗುವುದು, ಅಮೆರಿಕದ ಕಡೆಯಿಂದ ನೀರಿನ ಮೇಲೆಯೇ ಕ್ವೆಟಿಕೊ ಪ್ರವೇಶಿಸುವುದು, ರಸ್ತೆಯ ಮೂಲಕ ಗಡಿ ದಾಟಿ ಅಟಿಕೋಕನ್ ಪಟ್ಟಣದಿಂದ ಕ್ವೆಟಿಕೊಗೆ ಇಳಿಯುವುದು, ಅಥವಾ ಇವೆಲ್ಲವನ್ನೂ ಬಿಟ್ಟು ದೂರದ ಯೂಕಾನ್ ನದಿಯಲ್ಲಿ ಕೆನಡಾದಿಂದ ಅಲಾಸ್ಕಾಕ್ಕೆ ತೇಲಿ ಹೋಗುವುದು. ಸಾಮಾನ್ಯವಾಗಿ ಜನ ಸರೋವರಗಳ ಚೆಲುವನ್ನು, ಮೀನಿನ ಸಮೃದ್ಧಿಯನ್ನು, ಪೋರ್ಟೇಜ್‌ಗಳ ಉದ್ದವನ್ನು ಹೋಲಿಸಿ ದಾರಿ ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಹೆಜ್ಜೆ. ಮೊದಲು ತಂಡದ ಎಲ್ಲರ ಪಾಸ್‌ಪೋರ್ಟು, ವೀಸಾ, ಗ್ರೀನ್ ಕಾರ್ಡುಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಬೇಕು; ಅವುಗಳಲ್ಲಿ ಅತ್ಯಂತ ದುರ್ಬಲವಾದ ಕಾಗದ ಯಾರದೋ ಅವರಿಗೆ ಹೊಂದುವ ದಾರಿಯೇ ಇಡೀ ತಂಡದ ದಾರಿಯಾಗಬೇಕು.

ಕಾಗದಪತ್ರಗಳ ಲೆಕ್ಕ

ನೀರಿನ ಮೇಲೆ ಗಡಿ ದಾಟಿ ಕ್ವೆಟಿಕೊ ಸೇರುವವರು ಬಹಳ ವರ್ಷಗಳಿಂದ ಬಳಸುತ್ತ ಬಂದದ್ದು ಆರ್‌ಎಬಿಸಿ (ರಿಮೋಟ್ ಏರಿಯಾ ಬಾರ್ಡರ್ ಕ್ರಾಸಿಂಗ್) ಎಂಬ ಪರ್ಮಿಟ್ಟನ್ನು. ಪಿಜನ್ ನದಿಯಿಂದ ಲೇಕ್ ಆಫ್ ದಿ ವುಡ್ಸ್‌ವರೆಗಿನ ದುರ್ಗಮ ಪ್ರದೇಶದಲ್ಲಿ ಯಾವ ಗಡಿ ಠಾಣೆಗೂ ಹೋಗದೆ ಕೆನಡಾ ಪ್ರವೇಶಿಸಲು ಅದು ಅವಕಾಶ ಕೊಡುತ್ತಿತ್ತು. ಆದರೆ ಅದು ಅಮೆರಿಕ ಅಥವಾ ಕೆನಡಾದ ಪ್ರಜೆಗಳಿಗೆ ಮತ್ತು ಆ ದೇಶಗಳ ಕಾಯಂ ನಿವಾಸಿಗಳಿಗೆ ಮಾತ್ರ ಸಿಗುತ್ತಿತ್ತು. ಭಾರತದ ಪಾಸ್‌ಪೋರ್ಟ್ ಹಿಡಿದು ಎಚ್-1ಬಿ, ಎಲ್-1 ಎಂಬ ಕೆಲಸದ ವೀಸಾದಲ್ಲಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕದಲ್ಲಿರುವವರಿಗೆ ಆ ಬಾಗಿಲು ಎಂದೂ ತೆರೆದಿರಲಿಲ್ಲ. ಕೆನಡಾದ ಗಡಿ ಸೇವಾ ಸಂಸ್ಥೆಯ ಪ್ರಕಟಣೆಯಂತೆ 2026ರ ಸೆಪ್ಟೆಂಬರ್ 14ರಿಂದ ಈ ಪರ್ಮಿಟ್ ವ್ಯವಸ್ಥೆಯೇ ಕೊನೆಗೊಳ್ಳುತ್ತದೆ. ಅನಂತರ ಬರುವವರು ಗಡಿ ಠಾಣೆಯಲ್ಲಿ ಹಾಜರಾಗಬೇಕು ಅಥವಾ ನಿಗದಿಪಡಿಸಿದ ಸ್ಥಳಗಳಿಂದ ದೂರವಾಣಿ ಮೂಲಕ ತಾವು ಬಂದಿರುವುದನ್ನು ತಿಳಿಸಬೇಕು. ಹಳೆಯ ಪ್ರವಾಸಕಥನಗಳಲ್ಲಿ ಕಾಣುವ ಸಲಹೆಗಳನ್ನು ಹಾಗೆಯೇ ನಂಬಿ ಹೊರಡುವುದು ಆದ್ದರಿಂದ ಅಪಾಯಕರ.

ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ಕೆನಡಾದ ವೀಸಾ ಬೇಕಿಲ್ಲ. ಚಾಲ್ತಿಯಲ್ಲಿರುವ ಪಾಸ್‌ಪೋರ್ಟು ಮತ್ತು ಗ್ರೀನ್ ಕಾರ್ಡು ಎರಡೂ ಕೈಯಲ್ಲಿದ್ದರೆ ಸಾಕು. ಕೆಲಸದ ವೀಸಾದವರಿಗೆ ಕೆನಡಾದ ಸಂದರ್ಶಕ ವೀಸಾ ಬೇಕೇ ಬೇಕು. ಅವರು ಅಧಿಕಾರಿಯ ಮುಂದೆ ಖುದ್ದಾಗಿ ನಿಂತು ಕಾಗದ ತೋರಿಸುವ ರಸ್ತೆಯ ಠಾಣೆಯನ್ನೇ ಹೋಗುವಾಗಲೂ ಬರುವಾಗಲೂ ಆರಿಸಿಕೊಳ್ಳುವುದು ಕ್ಷೇಮ. ಮರಳುವ ದಾರಿಯನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ಸ್ಟಾಂಪಿಂಗ್ (ವೀಸಾ ಮುದ್ರೆ) ಅವಧಿ ಮೀರಿದ್ದರೂ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಐ-94 ಎಂಬ ಪ್ರವೇಶ ದಾಖಲೆ ಚಾಲ್ತಿಯಲ್ಲಿದ್ದು ಕೆನಡಾದಲ್ಲಿ 30 ದಿನಕ್ಕಿಂತ ಹೆಚ್ಚು ಉಳಿಯದಿದ್ದರೆ ಸಾಮಾನ್ಯವಾಗಿ ಹಿಂದಿರುಗಲು ಅವಕಾಶವಿದೆ. ಆದರೆ ಅದೇ ಪ್ರವಾಸದಲ್ಲಿ ಹೊಸ ಸ್ಟಾಂಪಿಂಗ್‌ಗಾಗಿ ಅರ್ಜಿ ಹಾಕಿದವರಿಗೆ ಈ ಅನುಕೂಲ ತಪ್ಪಿಹೋಗುತ್ತದೆ. ರಜೆಯ ಜೊತೆಗೆ ಸ್ಟಾಂಪಿಂಗನ್ನೂ ಮುಗಿಸಿಕೊಂಡು ಬರೋಣವೆಂಬ ಜಾಣತನ ಇಲ್ಲಿ ಬೇಡ. ಕೆನಡಾದ ಕಾಯಂ ನಿವಾಸಿಗಳಾಗಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಟೊರಾಂಟೊದವರಿಗೆ ಸ್ಥಿತಿ ತಿರುಗುಮುರುಗು: ಕ್ವೆಟಿಕೊಗೆ ಹೋಗಲು ಅವರು ಗಡಿಯನ್ನು ದಾಟಬೇಕಿಲ್ಲ, ಆದರೆ ಬೌಂಡರಿ ವಾಟರ್ಸ್‌ನ ದಡದಲ್ಲಿ ಕಾಲಿಡಬೇಕಾದರೆ ಅಮೆರಿಕದ ವೀಸಾ ಬೇಕು.

ಇನ್ನೊಂದು ತೊಡಕು ಪಾಸ್‌ಪೋರ್ಟಿನಲ್ಲಿ ಕಾಣುವುದಿಲ್ಲ. ಕುಡಿದು ವಾಹನ ಓಡಿಸಿದ ಪ್ರಕರಣವನ್ನು ಕೆನಡಾ 2018ರ ಡಿಸೆಂಬರಿನಿಂದ ಗಂಭೀರ ಅಪರಾಧವೆಂದು ಎಣಿಸುತ್ತಿದ್ದು, ಹಳೆಯ ಒಂದೇ ಒಂದು ಡಿಯುಐ ಕೂಡ ಪ್ರವೇಶ ನಿರಾಕರಣೆಗೆ ಸಾಕಾಗಬಹುದು. ಇದು ಸ್ನೇಹಿತರ ಗುಂಪಿನಲ್ಲಿ ಕೇಳಲು ಮುಜುಗರದ ಪ್ರಶ್ನೆಯೇ ಸರಿ. ಆದರೂ ಉದ್ಯಾನದ ಪರ್ಮಿಟ್ಟಿಗೆ ಹಣ ಕಟ್ಟುವ ಮೊದಲೇ ಕೇಳಬೇಕು.

ಗಡಿಯನ್ನು ಸವರುವುದಕ್ಕೂ ದಾಟುವುದಕ್ಕೂ ಇರುವ ವ್ಯತ್ಯಾಸ

ಈ ಸರೋವರಮಾಲೆ ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಹಳೆಯ ಜಲಮಾರ್ಗ. ಆಮೇಲೆ ತುಪ್ಪುಳದ ವ್ಯಾಪಾರಕ್ಕಾಗಿ ಬಂದ ಫ್ರೆಂಚ್ ಕೆನಡಾದ ಅಂಬಿಗರು ಇದನ್ನೇ ಹೆದ್ದಾರಿ ಮಾಡಿಕೊಂಡರು. ಅಮೆರಿಕ ಮತ್ತು ಬ್ರಿಟನ್ 1842ರಲ್ಲಿ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದದ ಮೂಲಕ ಇಲ್ಲಿ ಗಡಿಯನ್ನು ಗುರುತಿಸಿದಾಗ, ಈ ಜಲಮಾರ್ಗವೂ ಅದರ ರೂಢಿಯ ಪೋರ್ಟೇಜ್‌ಗಳೂ ಎರಡೂ ದೇಶಗಳ ಪ್ರಜೆಗಳ ಬಳಕೆಗೆ ಮುಕ್ತವಾಗಿರಬೇಕೆಂದು ಬರೆದುಕೊಂಡವು. ಗಡಿಗುಂಟ ಸಾಗುವವರು ಪೋರ್ಟೇಜ್ ಯಾವ ದಡದಲ್ಲಿದ್ದರೂ ದೋಣಿ ಹೊತ್ತು ನಡೆದುಹೋಗುವ ರೂಢಿಗೆ ಆಧಾರ ಇದೇ ಒಪ್ಪಂದ. ಕೆನಡಾ ತನ್ನ ಕಾನೂನಿಗೆ 2017ರಲ್ಲಿ ತಿದ್ದುಪಡಿ ತಂದು, ಅಮೆರಿಕದಿಂದ ಬಂದ ದೋಣಿ ಎಲ್ಲಿಯೂ ದಡ ಮುಟ್ಟದೆ, ಲಂಗರು ಹಾಕದೆ, ಮತ್ತೊಂದು ದೋಣಿಯನ್ನು ಸಂಧಿಸದೆ ಹಿಂದಿರುಗಿದರೆ ವರದಿ ಮಾಡಬೇಕಿಲ್ಲವೆಂದೂ ಹೇಳಿದೆ.

ಹಾಗೆಂದ ಮಾತ್ರಕ್ಕೆ ಕೆನಡಾದ ದಡದಲ್ಲಿ ಊಟಕ್ಕೆ ಇಳಿಯಬಹುದೆಂದಾಗಲಿ ಅಲ್ಲಿ ಗುಡಾರ ಹೂಡಬಹುದೆಂದಾಗಲಿ ಅರ್ಥವಲ್ಲ. ಒಪ್ಪಂದದ ಮಾತು ಎರಡು ದೇಶಗಳ ಪ್ರಜೆಗಳಿಗೆ ಸಂಬಂಧಿಸಿದ್ದೇ ಹೊರತು ಮೂರನೆಯ ದೇಶದ ಪಾಸ್‌ಪೋರ್ಟಿನವರಿಗಲ್ಲ ಎಂಬುದನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಎಚ್-1ಬಿಯವರು ಗಡಿಗುಂಟ ಸಾಗುವ ಯೋಜನೆ ಹಾಕಿದರೆ ಪೋರ್ಟೇಜ್‌ಗಳೆಲ್ಲ ಅಮೆರಿಕದ ದಡದಲ್ಲಿಯೇ ಇರುವ ತುಂಡನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಎರಡು ಕಾಡುಗಳ ಸ್ವಭಾವ

ಭೂಗೋಳದ ದೃಷ್ಟಿಯಿಂದ ಇವೆರಡೂ ಒಂದೇ ಕಾಡು: ಅದೇ ಪುರಾತನ ಬಂಡೆ, ಅದೇ ಪೈನ್ ಮತ್ತು ಸ್ಪ್ರೂಸ್ ಮರಗಳು, ಅದೇ ಲೂನ್ ಹಕ್ಕಿಯ ಕೂಗು. ವ್ಯತ್ಯಾಸವಿರುವುದು ಆಡಳಿತದ ರೀತಿಯಲ್ಲಿ. ಅದರಿಂದ ಹುಟ್ಟುವ ಅನುಭವ ಮಾತ್ರ ನಿಜವಾಗಿಯೂ ಬೇರೆ. ಬೌಂಡರಿ ವಾಟರ್ಸ್‌ನಲ್ಲಿ ಗೊತ್ತುಪಡಿಸಿದ ಬಿಡಾರಗಳಲ್ಲಿ ಮಾತ್ರ ತಂಗಬೇಕು; ಪ್ರತಿ ಬಿಡಾರದಲ್ಲಿಯೂ ಬೆಂಕಿಗೆ ಕಬ್ಬಿಣದ ಜಾಳಿಗೆಯೂ ಹಿಂದಿನ ಕಾಡಿನಲ್ಲಿ ಸರಳವಾದೊಂದು ಶೌಚದ ವ್ಯವಸ್ಥೆಯೂ ಇರುತ್ತದೆ. ಕ್ವೆಟಿಕೊದಲ್ಲಿ ಇವು ಯಾವುವೂ ಇಲ್ಲ. ಹಿಂದಿನವರು ತಂಗಿದ ಕಲ್ಲಿನ ಒಲೆಯ ಗುರುತು ಕಂಡರೆ ಅದೇ ಬಿಡಾರ. ಶೌಚಕ್ಕೆ ನೀರಿನಿಂದ ದೂರ ಹೋಗಿ ಗುಣಿ ತೋಡಬೇಕು. ಚಿಕ್ಕ ಮಕ್ಕಳನ್ನೋ ಊರಿನಿಂದ ಬಂದ ತಂದೆತಾಯಿಯನ್ನೋ ಕರೆದುಕೊಂಡು ಮೊದಲ ಬಾರಿ ಹೋಗುವವರಿಗೆ ಈ ಒಂದು ಸಂಗತಿಯೇ ಬೌಂಡರಿ ವಾಟರ್ಸ್ ಪರವಾಗಿ ತೀರ್ಮಾನ ಹೇಳುತ್ತದೆ.

ಏಕಾಂತ ಬೇಕೆನ್ನುವವರಿಗೆ ತೀರ್ಮಾನ ಇದಕ್ಕೆ ವಿರುದ್ಧ. ಬೌಂಡರಿ ವಾಟರ್ಸ್ ಅಮೆರಿಕದಲ್ಲಿ ಅತಿ ಹೆಚ್ಚು ಜನ ಬರುವ ವನ್ಯಪ್ರದೇಶಗಳಲ್ಲಿ ಒಂದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈಲಿ ಪಟ್ಟಣದ ಸಮೀಪದ ಸರೋವರಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಖಾಲಿ ಬಿಡಾರ ಸಿಗುವುದು ಕಷ್ಟ. 1978ರ ಕಾಯಿದೆಯಡಿ ಬಾಸ್‌ವುಡ್, ಸ್ಯಾಗನಾಗಾದಂಥ ಕೆಲವು ಸರೋವರಗಳ ಅಮೆರಿಕದ ಭಾಗದಲ್ಲಿ ಮೋಟಾರ್ ದೋಣಿಗಳಿಗೂ ಮಿತಿಯೊಳಗೆ ಅವಕಾಶವಿದೆ. ಕ್ವೆಟಿಕೊದಲ್ಲಿ ಲ್ಯಾಕ್ ಲಾ ಕ್ರಾ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯದ ಮಾರ್ಗದರ್ಶಿಗಳಿಗೆ ಕೆಲವು ಸರೋವರಗಳಲ್ಲಿ ಇರುವ ಹಕ್ಕನ್ನು ಬಿಟ್ಟರೆ ಮೋಟಾರಿನ ಸದ್ದೇ ಇಲ್ಲ, ಮತ್ತು ದಿನಕ್ಕೆ ಒಳಬಿಡುವ ತಂಡಗಳ ಸಂಖ್ಯೆಯೂ ಕಡಿಮೆ.

ಎರಡೂ ಕಡೆ ಒಂದು ತಂಡದಲ್ಲಿ 9 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಕನ್ನಡ ಕೂಟದ ಹದಿನೈದು ಜನ ಒಟ್ಟಿಗೆ ಹೊರಟು, ಕಾಗದದ ಮೇಲೆ ಮಾತ್ರ ಎರಡು ತಂಡವಾಗಿ, ಒಳಗೆ ಸೇರಿಕೊಂಡು ಅಂತ್ಯಾಕ್ಷರಿ ಆಡುವ ಯೋಚನೆ ನಡೆಯದು. ಬೌಂಡರಿ ವಾಟರ್ಸ್‌ನಲ್ಲಿ ಈ ಮಿತಿ ಬಿಡಾರಕ್ಕಷ್ಟೇ ಅಲ್ಲದೆ ನೀರಿನ ಮೇಲೂ ಪೋರ್ಟೇಜ್‌ನಲ್ಲೂ ಅನ್ವಯಿಸುತ್ತದೆ, ಜೊತೆಗೆ ದೋಣಿಗಳು ನಾಲ್ಕಕ್ಕಿಂತ ಹೆಚ್ಚಿರಕೂಡದು.

ಖರ್ಚಿನ ಲೆಕ್ಕವೂ ಬೇರೆಯಾಗಿದೆ. ಬೌಂಡರಿ ವಾಟರ್ಸ್‌ನಲ್ಲಿ ವಯಸ್ಕರಿಗೆ ತಲಾ 16 ಡಾಲರ್ ಶುಲ್ಕವಿದ್ದು, ಅದು ಇಡೀ ಪ್ರವಾಸಕ್ಕೆ ಒಮ್ಮೆ ಕಟ್ಟುವಂಥದ್ದು. ಮೂರು ರಾತ್ರಿ ಉಳಿದರೂ ಹತ್ತು ರಾತ್ರಿ ಉಳಿದರೂ ವ್ಯತ್ಯಾಸವಿಲ್ಲ. ಕ್ವೆಟಿಕೊದಲ್ಲಿ ತಲೆಗೆ, ರಾತ್ರಿಗೆ ಎಂದು ಶುಲ್ಕ ಬೆಳೆಯುತ್ತ ಹೋಗುತ್ತದೆ. ಮೀನು ಹಿಡಿಯುವವರಿಗೆ ಎರಡೂ ಕಡೆ ಪ್ರತ್ಯೇಕ ಲೈಸೆನ್ಸು ಬೇಕು. ಕ್ವೆಟಿಕೊದಲ್ಲಿ ಮುಳ್ಳಿಲ್ಲದ ಗಾಳವನ್ನೂ ಕೃತಕ ಎರೆಯನ್ನೂ ಮಾತ್ರ ಬಳಸಬೇಕು.

ಕ್ವೆಟಿಕೊಗೆ ಯಾವ ಬಾಗಿಲು?

ಅಮೆರಿಕದ ಕಡೆಯಿಂದ ಬರುವವರಿಗೆ ಎರಡು ಜನಪ್ರಿಯ ಬಾಗಿಲುಗಳಿವೆ. ಈಲಿಯಿಂದ ಮೂಸ್ ಸರೋವರದ ಮಾಲೆಯಲ್ಲಿ ಸಾಗಿದರೆ ಪ್ರೇರಿ ಪೋರ್ಟೇಜ್ ಸಿಗುತ್ತದೆ. ಗ್ರ್ಯಾಂಡ್ ಮರೇ ಪಟ್ಟಣದಿಂದ ಗನ್‌ಫ್ಲಿಂಟ್ ಟ್ರೇಲ್ ರಸ್ತೆಯ ತುದಿಗೆ ಹೋಗಿ ಸ್ಯಾಗನಾಗಾ ದಾಟಿದರೆ ಕ್ಯಾಶ್ ಬೇ ಸಿಗುತ್ತದೆ. ಎರಡೂ ಕಡೆ ಬಾಡಿಗೆ ದೋಣಿ ಕೊಡುವ ಸಂಸ್ಥೆಗಳು ಮೋಟಾರ್ ದೋಣಿಯಲ್ಲಿ ನಿಮ್ಮ ಕನೂವನ್ನು ಹೊತ್ತೊಯ್ದು ಗಡಿಯ ಬಳಿ ಇಳಿಸುತ್ತವೆ. ಇದರಿಂದ ದೊಡ್ಡ ಸರೋವರದ ಗಾಳಿಯಲ್ಲಿ ಸೆಣಸುವ ಅರ್ಧ ದಿನ ಉಳಿಯುತ್ತದೆ. ಅಮೆರಿಕ ಅಥವಾ ಕೆನಡಾದ ಪೌರತ್ವ, ಇಲ್ಲವೇ ಗ್ರೀನ್ ಕಾರ್ಡ್ ತಂಡದ ಎಲ್ಲರಿಗೂ ಇದ್ದರೆ ಈ ದಾರಿ ಸೊಗಸಾಗಿದೆ, ಹತ್ತಿರವೂ ಹೌದು.

ತಂಡದಲ್ಲಿ ಒಬ್ಬರಾದರೂ ಕೆಲಸದ ವೀಸಾದವರಿದ್ದರೆ ಉತ್ತರದ ಬಾಗಿಲೇ ಸರಿ. ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಇಂಟರ್‌ನ್ಯಾಷನಲ್ ಫಾಲ್ಸ್ ತಲುಪಿ, ಸೇತುವೆ ದಾಟಿ ಫೋರ್ಟ್ ಫ್ರಾನ್ಸಿಸ್‌ನ ಠಾಣೆಯಲ್ಲಿ ಕಾಗದ ತೋರಿಸಿ, 11ನೆಯ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಅಟಿಕೋಕನ್. ಪ್ರಯಾಣ ಇಡೀ ದಿನ ಹಿಡಿಯುತ್ತದೆ ಎಂಬುದು ನಿಜವೇ. ಆದರೆ ಇದನ್ನು ವೀಸಾದವರಿಗಾಗಿ ಮಾಡಿಕೊಂಡ ಎರಡನೆಯ ದರ್ಜೆಯ ಏರ್ಪಾಡೆಂದು ನಾನು ನೋಡುವುದಿಲ್ಲ. ಉತ್ತರದ ಪ್ರವೇಶಗಳಲ್ಲಿ ಜನಸಂದಣಿ ಕಡಿಮೆ, ಪರ್ಮಿಟ್ ಸಿಗುವ ಸಾಧ್ಯತೆ ಹೆಚ್ಚು, ಮತ್ತು ಹೆದ್ದಾರಿಯ ಪಕ್ಕದಲ್ಲಿಯೇ ಇರುವ ಫ್ರೆಂಚ್ ಸರೋವರದ ಡಾಸನ್ ಟ್ರೇಲ್ ಬಿಡಾರದಲ್ಲಿ ಮೊದಲ ರಾತ್ರಿ ಕಾರಿನ ಬಳಿಯೇ ತಂಗಿ, ಸಾಮಾನು ಸರಿಪಡಿಸಿಕೊಂಡು, ಬೆಳಗ್ಗೆ ನೀರಿಗಿಳಿಯಬಹುದು. ಗಡಿಯ ಕೆಲಸ ಅಧಿಕಾರಿಯ ಕಿಟಕಿಯಲ್ಲಿಯೇ ಮುಗಿದುಹೋಗಿರುವುದರಿಂದ ಕಾಡಿನೊಳಗೆ ಆ ಚಿಂತೆ ಇರುವುದಿಲ್ಲ.

ಯೂಕಾನ್: ಹೊರುವ ಕೆಲಸವಿಲ್ಲದ ದಾರಿ

ಯೂಕಾನ್ ನದಿಯ ಪ್ರವಾಸಕ್ಕೂ ಮೇಲಿನವುಗಳಿಗೂ ಸ್ವಭಾವದಲ್ಲಿಯೇ ಅಂತರವಿದೆ. ಇಲ್ಲಿ ಪೋರ್ಟೇಜ್ ಇಲ್ಲ, ನದಿಯೇ ಹೊತ್ತೊಯ್ಯುತ್ತದೆ. ಕೆನಡಾದ ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿಗೆ ಸುಮಾರು 715 ಕಿಲೋಮೀಟರ್. ಅಷ್ಟು ಸಮಯವಿಲ್ಲದವರು ಡಾಸನ್‌ನಿಂದಲೇ ಹೊರಟು ಸುಮಾರು 160 ಕಿಲೋಮೀಟರ್ ಕೆಳಗಿರುವ ಅಲಾಸ್ಕಾದ ಈಗಲ್ ಎಂಬ ಹಳ್ಳಿಯನ್ನು ಮೂರು ನಾಲ್ಕು ದಿನಗಳಲ್ಲಿ ತಲುಪಬಹುದು. ನಡುವೆ 141ನೆಯ ರೇಖಾಂಶದಲ್ಲಿ ಗಡಿ ಬರುತ್ತದೆ. ಕಾಡಿನ ಮಧ್ಯೆ ಮರ ಕಡಿದು ತೆರವುಗೊಳಿಸಿದ ನೇರವಾದ ಪಟ್ಟಿಯೊಂದು ಗುಡ್ಡ ಹತ್ತಿ ಇಳಿಯುವುದು ದೋಣಿಯಿಂದಲೇ ಕಾಣುತ್ತದೆ. ವಾಯವ್ಯ ಜಲಮಾರ್ಗವನ್ನು ಹಡಗಿನಲ್ಲಿ ದಾಟಿದ ಸುದ್ದಿಯನ್ನು ಜಗತ್ತಿಗೆ ತಂತಿಯ ಮೂಲಕ ತಿಳಿಸಲು ನಾರ್ವೆಯ ಅನ್ವೇಷಕ ರೊಆಲ್ಡ್ ಅಮುಂಡ್ಸೆನ್ 1905ರ ಡಿಸೆಂಬರಿನಲ್ಲಿ ಹಿಮದ ಮೇಲೆ ಬಂದು ಸೇರಿದ್ದು ಇದೇ ಈಗಲ್‌ಗೆ. ಇನ್ನೂ ಮುಂದೆ ಸಾಗುವವರಿಗೆ ಯೂಕಾನ್–ಚಾರ್ಲಿ ನದಿಗಳ ರಾಷ್ಟ್ರೀಯ ಸಂರಕ್ಷಿತ ಪ್ರದೇಶದ ಮೂಲಕ ಸರ್ಕಲ್ ಎಂಬ ಊರಿನವರೆಗೆ ಮತ್ತೆ ಸುಮಾರು 250 ಕಿಲೋಮೀಟರ್ ಇದೆ.

ಇಲ್ಲಿ ಮೈಗೆ ಶ್ರಮ ಕಡಿಮೆ, ಆದರೆ ಎಚ್ಚರ ತಪ್ಪಿದರೆ ಆಗುವ ಹಾನಿ ದೊಡ್ಡದು. ನೀರು ಬಹಳ ತಣ್ಣಗಿರುತ್ತದೆ, ಸೆಳವು ಬಲವಾಗಿರುತ್ತದೆ, ದಡ ದೂರವಿರುತ್ತದೆ. ಡಾಸನ್‌ಗಿಂತ ಮೇಲೆ ಸೇರುವ ವೈಟ್ ನದಿ ಹಿಮನದಿಯ ಹೂಳನ್ನು ತಂದು ಸುರಿಯುವುದರಿಂದ ದೋಣಿಯ ತಳಕ್ಕೆ ಹೂಳು ಉಜ್ಜುವ ಸದ್ದು ಒಳಗೆ ಕುಳಿತವರಿಗೂ ಕೇಳಿಸುತ್ತದೆ; ಅಂಥ ನೀರನ್ನು ನೇರವಾಗಿ ಫಿಲ್ಟರಿಗೆ ಹಾಕಿದರೆ ಅದು ಬೇಗನೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಪಾತ್ರೆಯಲ್ಲಿ ತಿಳಿಯಾಗಲು ಬಿಡಬೇಕು, ಅಥವಾ ಸೇರುವ ಚಿಕ್ಕ ತೊರೆಗಳಲ್ಲಿ ತುಂಬಿಕೊಳ್ಳಬೇಕು. ಮಿನೆಸೋಟಾದಲ್ಲಿ ಕಪ್ಪು ಕರಡಿ ಮಾತ್ರ. ಇಲ್ಲಿ ಗ್ರಿಜ್ಲಿಯೂ ಇದೆ. ಈಗಲ್ ತಲುಪಿದವರು ಅಮೆರಿಕದ ಗಡಿ ಅಧಿಕಾರಿಗಳಿಗೆ ತಾವು ಬಂದಿರುವುದನ್ನು ತಿಳಿಸುವವರೆಗೆ ಪ್ರವಾಸ ಮುಗಿದಂತಲ್ಲ. ಈಗಲ್‌ನಿಂದ ಹೊರಬರಲು ಇರುವುದು ಚಳಿಗಾಲದಲ್ಲಿ ಮುಚ್ಚುವ ಟೇಲರ್ ಹೆದ್ದಾರಿ; ಅಲ್ಲಿಂದ ಡಾಸನ್‌ಗೆ ಹಿಂದಿರುಗುವ ದಾರಿಯ ಗಡಿ ಠಾಣೆ ಬೇಸಿಗೆಯಲ್ಲಿ, ಅದೂ ಹಗಲಿನಲ್ಲಿ ಮಾತ್ರ ತೆರೆದಿರುತ್ತದೆ. ವಾಹನದ ಏರ್ಪಾಡನ್ನು ಮುಂಚಿತವಾಗಿ ಮಾಡಿಕೊಳ್ಳದವರು ಇಲ್ಲಿಗೆ ಹೊರಡಲೇಬಾರದು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದು, ಎರಡು ವಾರ ಬಿಡುವಿದ್ದು, ಸರೋವರಗಳ ಪ್ರವಾಸವನ್ನು ಈಗಾಗಲೇ ಮಾಡಿದವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಚೀಲದೊಳಗೆ ಏನಿರಬೇಕು, ಏನಿರಬಾರದು

ಬೌಂಡರಿ ವಾಟರ್ಸ್ ಮತ್ತು ಕ್ವೆಟಿಕೊ ಎರಡರಲ್ಲಿಯೂ ಆಹಾರ, ಪಾನೀಯಗಳ ತಗಡಿನ ಡಬ್ಬಿ ಮತ್ತು ಗಾಜಿನ ಬಾಟಲಿಗಳಿಗೆ ನಿಷೇಧವಿದೆ. ಉಪ್ಪಿನಕಾಯಿ, ತುಪ್ಪ ಏನೇ ಇದ್ದರೂ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿಕೊಳ್ಳಬೇಕು. ನಮ್ಮ ಅಡುಗೆಮನೆ ಈ ಬಗೆಯ ಪ್ರವಾಸಕ್ಕೆ ಚೆನ್ನಾಗಿಯೇ ಒದಗಿಬರುತ್ತದೆ: ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಹೆಸರುಬೇಳೆ ಇವೆಲ್ಲ ಹಗುರ, ಬೇಗ ಬೇಯುತ್ತವೆ, ಕೆಡುವುದಿಲ್ಲ. ಗಡಿ ದಾಟುವವರು ಮಾತ್ರ ಕಿರಾಣಿಯನ್ನು ಆದಷ್ಟು ಪ್ರವಾಸ ನಡೆಯುವ ದೇಶದಲ್ಲಿಯೇ ಕೊಳ್ಳಬೇಕು. ಧಾನ್ಯಕ್ಕೆ ಬೀಳುವ ಖಾಪ್ರಾ ಎಂಬ ಕೀಟದ ಭಯದಿಂದ ಪ್ರಯಾಣಿಕರು ಭಾರತದಿಂದ ತರುವ ಅಕ್ಕಿಯನ್ನು ಅಮೆರಿಕ ಒಳಬಿಡುವುದಿಲ್ಲ. ಉರುವಲು, ಜೀವಂತ ಎರೆ ಇವನ್ನೂ ಗಡಿ ದಾಟಿಸಲಾಗದು. ಕರಡಿಯ ಮೇಲೆ ಬಳಸಲೆಂದು ಸ್ಪಷ್ಟವಾಗಿ ಮುದ್ರಿತವಾದ ಸ್ಪ್ರೇ ಕೆನಡಾಕ್ಕೆ ಒಯ್ಯಬಹುದು. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ ಅಲ್ಲಿ ನಿಷಿದ್ಧ ಆಯುಧ, ಕೈಚೀಲದಲ್ಲಿ ಮರೆತು ಉಳಿದದ್ದಾದರೂ ಸರಿ.

ರಾತ್ರಿ ಆಹಾರದ ಚೀಲವನ್ನು ಮರಕ್ಕೆ ತೂಗುಹಾಕುವುದಾದರೆ ನೆಲದಿಂದ 12 ಅಡಿ ಎತ್ತರ, ಕಾಂಡದಿಂದ 6 ಅಡಿ ದೂರ ಇರಬೇಕು. ಅಷ್ಟು ಒಳ್ಳೆಯ ಕೊಂಬೆ ಹುಡುಕುವ ತಾಪತ್ರಯಕ್ಕಿಂತ ಕರಡಿಗೆ ತೆರೆಯಲಾಗದ ಡಬ್ಬಿಯನ್ನು ಬಾಡಿಗೆಗೆ ಪಡೆಯುವುದು ಮೇಲು. ದೋಣಿಯ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಇಬ್ಬರು ಕೂರುವ, ಕೆವ್ಲಾರ್ ಎಂಬ ಹಗುರ ನಾರಿನ ಕನೂ 20 ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ, ಅಲ್ಯೂಮಿನಿಯಂ ಕನೂ 30 ದಾಟುತ್ತದೆ; ಪೋರ್ಟೇಜ್ ಇರುವಲ್ಲಿ ಬಾಡಿಗೆ ಹೆಚ್ಚಾದರೂ ಕೆವ್ಲಾರ್ ಪಡೆಯಿರಿ. ಆರೋಗ್ಯ ವಿಮೆ ಮಾತ್ರ ಗಡಿಯ ಆಚೆ ಎಷ್ಟು ಅನ್ವಯಿಸುತ್ತದೆಂದು ಬರಹದಲ್ಲಿ ಕೇಳಿಕೊಳ್ಳಬೇಕು. ಅಮೆರಿಕದ ಅನೇಕ ಪಾಲಿಸಿಗಳೂ ಒಂಟಾರಿಯೊದ ಸರ್ಕಾರಿ ವಿಮೆಯೂ ಹೊರದೇಶದಲ್ಲಿ ಕೊಡುವುದು ಅಲ್ಪ.

ಯಾವಾಗ, ಯಾವ ಕ್ರಮದಲ್ಲಿ

ಈ ಸರೋವರಗಳ ಮೇಲಿನ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಕರಗುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಕಪ್ಪುನೊಣ, ಅದರ ಬೆನ್ನಿಗೆ ಸೊಳ್ಳೆ. ಕೀಟಕ್ಕೆ ಹೆದರುವವರಿಗೆ ಆಗಸ್ಟ್ ಉತ್ತರಾರ್ಧ ಮತ್ತು ಸೆಪ್ಟೆಂಬರ್ ಸೂಕ್ತ. ಬೇಸಿಗೆ ಒಣಗಿದ ವರ್ಷಗಳಲ್ಲಿ ಕಾಡ್ಗಿಚ್ಚಿನಿಂದ ಪ್ರವೇಶ ನಿಲ್ಲುವುದೂ ಉಂಟು. 2007ರ ಹ್ಯಾಮ್ ಲೇಕ್ ಬೆಂಕಿ ಮಿನೆಸೋಟಾದಲ್ಲಿ ಹೊತ್ತಿ ಒಂಟಾರಿಯೊವರೆಗೂ ಹಬ್ಬಿತ್ತು.

ಬೌಂಡರಿ ವಾಟರ್ಸ್‌ನಲ್ಲಿ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವವರಿಗೆ ಕೋಟಾ ಪರ್ಮಿಟ್ ಬೇಕು. ಅವುಗಳ ಕಾದಿರಿಸುವಿಕೆ ಜನವರಿ ಕೊನೆಯಲ್ಲಿ ಆರಂಭವಾಗಿ ಜನಪ್ರಿಯ ಪ್ರವೇಶಗಳು ಬಹಳ ಬೇಗ ಮುಗಿಯುತ್ತವೆ. ಕ್ವೆಟಿಕೊದಲ್ಲಿ ಹೊರಡುವ ದಿನಕ್ಕೆ ಐದು ತಿಂಗಳು ಮೊದಲು ಕಾದಿರಿಸಬಹುದು. ಕೆನಡಾದ ವೀಸಾ ಕೈಸೇರಲು ಕೆಲವೊಮ್ಮೆ ತಿಂಗಳುಗಳೇ ಬೇಕಾಗುವುದರಿಂದ, ಆಗಸ್ಟ್ ಕೊನೆಯಲ್ಲಿ ಅಟಿಕೋಕನ್‌ನಿಂದ ಹೊರಡಬೇಕೆನ್ನುವ ತಂಡ ಹಿಂದಿನ ಚಳಿಗಾಲದಲ್ಲಿಯೇ ವೀಸಾ ಅರ್ಜಿ ಹಾಕಿ, ಮಾರ್ಚ್ ಕೊನೆಗೆ ಪರ್ಮಿಟ್ ಹಿಡಿದು, ದೋಣಿಯ ಬಾಡಿಗೆಯನ್ನು ಅದಾದ ಮೇಲೆ ಮಾತನಾಡಿಕೊಳ್ಳಬಹುದು.